ಚಪಾತಿ, ಬೇಗನೆ ಊಟ, ಸಂಜೆಯ ಚಹಾ, ಬಟ್ಟಲಿನ ಅಳತೆ: ತೂಕ ಇಳಿಸಲು ನಾನು ಮಾಡಿ ನೋಡಿದ ನಾಲ್ಕು ದಾರಿಗಳು

ಉಡುಪಿಯಲ್ಲಿ ತೂಕ ಇಳಿಸಬೇಕೆಂದು ಯಾರ ಮುಂದೆ ಹೇಳಿದರೂ ಮೊದಲು ಸಿಗುವ ಸಲಹೆ ಒಂದೇ: ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿ. ಎರಡನೆಯ ಸಲಹೆ, ಏಳು ಗಂಟೆಯೊಳಗೆ ಊಟ ಮುಗಿಸಿ. ಈ ಎರಡನ್ನೂ, ಇವುಗಳಷ್ಟು ಪ್ರಚಾರವಿಲ್ಲದ ಇನ್ನೆರಡು ಬದಲಾವಣೆಗಳನ್ನೂ ನಾನು ಒಂದೊಂದನ್ನು ಎಂಟು ವಾರಗಳಂತೆ ಪ್ರಯತ್ನಿಸಿದೆ. ಆರಂಭಿಸಿದ್ದು ದೀಪಾವಳಿ ಮುಗಿದ ವಾರ. ಅಂದಿನಿಂದ ಈಗ ಹದಿಮೂರು ತಿಂಗಳಾಗಿವೆ. ಆಗ ನನ್ನ ತೂಕ 71.4 ಕಿಲೋ, ಎತ್ತರ 156 ಸೆಂಟಿಮೀಟರ್, ಸೊಂಟದ ಸುತ್ತಳತೆ 94 ಸೆಂಟಿಮೀಟರ್. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಎಷ್ಟೆಂದು ತೋರಿಸುವ ಅಂಕಿ, 29ನ್ನು ದಾಟುತ್ತಿತ್ತು. ಭಾರತೀಯರಲ್ಲಿ ಅದು 23ನ್ನು ದಾಟಿದರೆ ಅಧಿಕ ತೂಕವೆಂದೂ 25ನ್ನು ದಾಟಿದರೆ ಬೊಜ್ಜೆಂದೂ ವೈದ್ಯರು ಪರಿಗಣಿಸುತ್ತಾರೆ. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರಿನೊಳಗೆ ಇರಬೇಕೆನ್ನುತ್ತಾರೆ. ಇಡೀ ದಿನ ಮೇಜಿನ ಮುಂದೆ ಕುಳಿತು ಮಾಡುವ ಕೆಲಸ ನನ್ನದು, ವಯಸ್ಸು ನಲವತ್ತಾರು.

ಅಳೆಯುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಸರಿಯಿಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ, ಶೌಚ ಮುಗಿಸಿ, ಕಾಫಿ ಕುಡಿಯುವ ಮೊದಲು, ಒಂದೇ ತೂಕದ ಯಂತ್ರದ ಮೇಲೆ ನಿಂತು ಬರೆದಿಟ್ಟೆ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಚಟ್ನಿ ಹೆಚ್ಚಾಗಿದ್ದರೆ ಮರುದಿನ ತೂಕ ಅರ್ಧ ಕಿಲೋಗಿಂತಲೂ ಹೆಚ್ಚು ಏರಿರುತ್ತಿತ್ತು. ಅದು ಉಪ್ಪು ಹಿಡಿದಿಟ್ಟ ನೀರೇ ಹೊರತು ಕೊಬ್ಬಲ್ಲ. ಆದ್ದರಿಂದ ಒಂದು ದಿನದ ಅಂಕಿಯನ್ನು ನಂಬದೆ ನಾಲ್ಕು ವಾರಗಳ ಇಳಿಮುಖವನ್ನು ನೋಡುತ್ತಿದ್ದೆ.

ಮೊದಲ ಎಂಟು ವಾರ ರಾತ್ರಿ ಕುಚ್ಚಲಕ್ಕಿ ಅನ್ನವನ್ನು ಬಿಟ್ಟು ಮೂರು ಚಪಾತಿ ತಿಂದೆ. ಮೊದಲ ವಾರದಲ್ಲೇ ಅರ್ಧ ಕಿಲೋ ಇಳಿಯಿತು, ಆಮೇಲೆ ಏಳು ವಾರ ಅಲ್ಲಾಡಲಿಲ್ಲ. ಕಾರಣವನ್ನು ಹುಡುಕಿದಾಗ ತಿಳಿದದ್ದು ಇದು. ನಾನು ಹಿಂದೆ ರಾತ್ರಿ ಉಣ್ಣುತ್ತಿದ್ದ ಎರಡು ಸೌಟು ಅನ್ನವನ್ನು ತೂಗಿದರೆ ಸುಮಾರು 250 ಗ್ರಾಂ ಬರುತ್ತದೆ. ಬೆಂದ ಅನ್ನದ ಹೆಚ್ಚಿನ ಭಾಗ ನೀರೇ ಆಗಿರುವುದರಿಂದ ಅದರಲ್ಲಿ ಅಂದಾಜು 300 ಕ್ಯಾಲೊರಿ ಇರುತ್ತದೆ. ಒಂದು ಚಪಾತಿಗೆ 30 ಗ್ರಾಂ ಗೋಧಿಹಿಟ್ಟು ಹಿಡಿದರೆ ಹಿಟ್ಟಿನದೇ ನೂರು ಕ್ಯಾಲೊರಿ, ಮೂರಕ್ಕೆ ಮುನ್ನೂರು. ಅಲ್ಲಿಗೆ ಎರಡೂ ಸಮ. ಆದರೆ ಅನ್ನಕ್ಕೆ ಯಾರೂ ಎಣ್ಣೆ ಸವರುವುದಿಲ್ಲ, ಚಪಾತಿಗೆ ಸವರುತ್ತೇವೆ. ಒಂದು ಚಮಚ ಎಣ್ಣೆ 40 ಕ್ಯಾಲೊರಿಯಾದರೆ ಮೂರು ಚಪಾತಿಗೆ 120. ಮೇಲಾಗಿ ಅನ್ನಕ್ಕೆ ತಿಳಿಸಾರು ಸಾಕಾಗುತ್ತದೆ, ಚಪಾತಿಗೆ ತೆಂಗಿನಕಾಯಿ ಅರೆದ ಗಟ್ಟಿ ಗಸಿಯೇ ಬೇಕೆನಿಸುತ್ತದೆ. ಒಂದು ಹಿಡಿ ಕಾಯಿತುರಿಯಲ್ಲಿ ನೂರು ಕ್ಯಾಲೊರಿ ಇದ್ದೇ ಇರುತ್ತದೆ. ಮೊದಲ ವಾರ ಇಳಿದ ಅರ್ಧ ಕಿಲೋ ಬಹುಶಃ ಗಂಜಿಯ ಜೊತೆಗಿನ ಉಪ್ಪಿನಕಾಯಿ ನಿಂತುಹೋದದ್ದರ ಫಲ. ಗೋಧಿಯಲ್ಲಿ ಅಕ್ಕಿಗಿಂತ ಪ್ರೋಟೀನ್ ತುಸು ಹೆಚ್ಚು ಎಂಬುದು ನಿಜ, ಎಣ್ಣೆಯಿಲ್ಲದೆ ಎರಡೇ ಚಪಾತಿಗೆ ನಿಲ್ಲಿಸಬಲ್ಲವರಿಗೆ ಅದು ಒಗ್ಗಲೂಬಹುದು. ಆದರೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಗಿರಣಿಗೆ ಹಾಕುವುದರಿಂದ ತೌಡಿನಲ್ಲಿರುವ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿದು ಉಳಿಯುವ ನಮ್ಮ ಕುಚ್ಚಲಕ್ಕಿಯನ್ನು ಬೊಜ್ಜಿನ ಮೂಲವೆಂದು ದೂರುವುದು ಅನ್ಯಾಯವೆಂದು ನನಗೆ ಮನವರಿಕೆಯಾಯಿತು.

ಎರಡನೆಯದು, ಏಳು ಗಂಟೆಯೊಳಗಿನ ಊಟ. ಅಂಕಿಗಳಲ್ಲಿ ನೋಡಿದರೆ ಇದು ಚಪಾತಿಗಿಂತ ಬಹಳ ಮೇಲು: ಎಂಟು ವಾರಗಳಲ್ಲಿ 70.9ರಿಂದ 69ಕ್ಕೆ ಇಳಿದೆ. ಒಂಬತ್ತು ಗಂಟೆಯ ಊಟದ ಮೊದಲು ಬಾಯಿಗೆ ಹೋಗುತ್ತಿದ್ದ ಕುರುಕಲು ತಾನಾಗಿ ನಿಂತಿತು, ಮಲಗುವಾಗ ಎದೆಯುರಿ ಇರಲಿಲ್ಲ. ಆದರೆ ಜನವರಿಯಿಂದ ಮಾರ್ಚಿನವರೆಗಿನ ಕಾಲ ನಮ್ಮ ಕಡೆ ಮದುವೆ, ಜಾತ್ರೆ, ನೇಮ, ಯಕ್ಷಗಾನಗಳ ಕಾಲ. ಅಲ್ಲಿ ರಾತ್ರಿಯ ಊಟವನ್ನು ಏಳು ಗಂಟೆಗೆ ಯಾರೂ ಬಡಿಸುವುದಿಲ್ಲ. ಮನೆಯಲ್ಲಿ ಯಜಮಾನರು ಬರುವುದು ಎಂಟೂವರೆಗೆ, ಅವರೂ ಅತ್ತೆಯೂ ಮಕ್ಕಳೂ ಒಟ್ಟಿಗೆ ಕುಳಿತಾಗ ನಾನು ಬಡಿಸಿ ಸುಮ್ಮನಿರಬೇಕಾಗಿತ್ತು. ಆ ಬೇಸರ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ನಿಲ್ಲಿಸಿದ ಒಂದೇ ತಿಂಗಳಲ್ಲಿ ತೂಕ 70.1ಕ್ಕೆ ಮರಳಿತು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತನ್ನು ಹೀಗೆ ಬದಲಿಸಬಾರದು. ಊಟಕ್ಕೂ ಔಷಧಿಗೂ ಹೊಂದಾಣಿಕೆ ತಪ್ಪಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮೂರನೆಯ ಪ್ರಯತ್ನದಲ್ಲಿ ಮಧ್ಯಾಹ್ನ ಮತ್ತು ರಾತ್ರಿಯ ಊಟವನ್ನು ಮುಟ್ಟಲೇ ಇಲ್ಲ, ಚಹಾ ಮತ್ತು ಅದರ ಜೊತೆಗಿನ ತಿಂಡಿಯನ್ನು ಮಾತ್ರ ಬದಲಿಸಿದೆ. ದಿನಕ್ಕೆ ಐದು ಲೋಟ ಕಾಫಿ, ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಒಟ್ಟು ಸುಮಾರು 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಂತೆ ಸೇರಿಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ಉಣ್ಣುವವರಿಗೆ ಆ ಎರಡನೆಯ ಮಿತಿ 25 ಗ್ರಾಂ. ನಾನು ಎರಡು ವಾರ ಒಂದೂವರೆ ಚಮಚ, ಮತ್ತೆರಡು ವಾರ ಒಂದು, ಆಮೇಲೆ ಅರ್ಧ ಎಂದು ಇಳಿಸುತ್ತಾ ಬಂದೆ. ಹೀಗೆ ನಿಧಾನವಾಗಿ ಇಳಿಸಿದಾಗ ನಾಲಗೆಗೆ ಕೊರತೆ ಕಾಣಲಿಲ್ಲ, ಈಗ ಹಳೆಯ ಅಳತೆಯ ಚಹಾವನ್ನು ಪೂರ್ತಿ ಕುಡಿಯಲು ಆಗುವುದಿಲ್ಲ. ಕಚೇರಿಯಲ್ಲಿ ನಾಲ್ಕೂವರೆಗೆ ಬರುತ್ತಿದ್ದ ಗೋಳಿಬಜೆ, ಬನ್ಸ್, ಬಾಳೆಕಾಯಿ ಚಿಪ್ಸನ್ನು ವಾರಕ್ಕೆ ಒಂದು ದಿನಕ್ಕೆ, ಶುಕ್ರವಾರಕ್ಕೆ ಸೀಮಿತಗೊಳಿಸಿ, ಉಳಿದ ದಿನ ಬೇಯಿಸಿದ ಕಡಲೆಯನ್ನೋ ಒಂದು ಹಣ್ಣನ್ನೋ ಡಬ್ಬಿಯಲ್ಲಿ ಒಯ್ದೆ. ಎಂಟು ವಾರಗಳಲ್ಲಿ 2.2 ಕಿಲೋ ಇಳಿಯಿತು. ನಾಲ್ಕರಲ್ಲಿ ಅತಿ ಹೆಚ್ಚು ಇಳಿಸಿದ್ದು ಇದೇ, ಮನೆಯವರಲ್ಲಿ ಯಾರಿಗೂ ತೊಂದರೆ ಕೊಡದ್ದೂ ಇದೇ.

ಈ ಅಭ್ಯಾಸವನ್ನು ಹಾಗೆಯೇ ಉಳಿಸಿಕೊಂಡು ಜೂನ್ ನಡುವಿನಲ್ಲಿ ನಾಲ್ಕನೆಯದನ್ನು ಸೇರಿಸಿದೆ: ಅನ್ನವನ್ನು ಬಿಡದೆ ಬಟ್ಟಲಿನೊಳಗಿನ ಪಾಲನ್ನು ಬದಲಿಸುವುದು. ಬಟ್ಟಲಿನ ಅರ್ಧಕ್ಕೆ ತರಕಾರಿ, ಕಾಲು ಭಾಗಕ್ಕೆ ಕಾಳು ಅಥವಾ ಮೀನು, ಉಳಿದ ಕಾಲು ಭಾಗಕ್ಕೆ ಅನ್ನ. ಬಡಿಸುವ ಕ್ರಮವೂ ಬದಲಾಯಿತು. ಮೊದಲು ಪಲ್ಯ, ಕೋಸಂಬರಿ, ಕಾಳನ್ನು ಹಾಕಿಕೊಂಡು ಅರ್ಧದಷ್ಟು ತಿಂದ ಮೇಲೆ ಅನ್ನ ಬಡಿಸಿಕೊಳ್ಳುತ್ತೇನೆ, ಅದೂ ಎರಡೂವರೆ ಸೌಟಿನ ಬದಲು ಒಂದೂಕಾಲು. "ಇಷ್ಟು ಅನ್ನದಲ್ಲಿ ಹೊಟ್ಟೆ ತುಂಬುತ್ತದಾ ನಿನಗೆ?" ಎಂದು ಅತ್ತೆ ಮೊದಲ ವಾರವೆಲ್ಲ ಕೇಳಿದರು. ತುಂಬುತ್ತಿತ್ತು, ಏಕೆಂದರೆ ನಾರೂ ಪ್ರೋಟೀನೂ ಇದ್ದ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಮಲ್ಪೆಯಿಂದ ಬಂಗುಡೆ, ಬೂತಾಯಿ ಬರುವುದು ಕಡಿಮೆಯಾಗಿ ಬೆಲೆ ಏರಿತ್ತು. ಜುಲೈ ಮುಗಿಯುವವರೆಗೆ ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಮೊಟ್ಟೆಯಿಂದಲೇ ಕಾಲು ಭಾಗವನ್ನು ತುಂಬಿಸಿದೆ. ಆಗಸ್ಟಿನಲ್ಲಿ ಮೀನು ಬಂದ ಮೇಲೆ ಕಾವಲಿಯಲ್ಲಿ ಹುರಿಯುವ ಬದಲು ಹುಳಿಖಾರದ ಸಾರಾದ ಪುಳಿಮುಂಚಿಗೆ ಒಲಿದೆವು. ತರಕಾರಿಗೆ ನಮ್ಮಲ್ಲಿ ಬರವಿಲ್ಲ: ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ, ಹೀರೆ, ತುಳುವರ ಆಟಿ ತಿಂಗಳಲ್ಲಿ ತಜಂಕ್ ಸೊಪ್ಪು, ಚಳಿಗಾಲಕ್ಕೆ ಮಟ್ಟುಗುಳ್ಳ. ಪಲ್ಯಕ್ಕೆ ಕಾಯಿತುರಿಯನ್ನು ಹಿಡಿಯಲ್ಲಿ ಹಾಕುತ್ತಿದ್ದುದನ್ನು ಚಮಚದಲ್ಲಿ ಅಳೆದು ಹಾಕತೊಡಗಿದ್ದು ಒಂದೇ ಅಡುಗೆಮನೆಯ ನಿಜವಾದ ಬದಲಾವಣೆ, ಅದಕ್ಕೆ ಅತ್ತೆಯನ್ನು ಒಪ್ಪಿಸಲು ಮೂರು ವಾರ ಹಿಡಿಯಿತು.

ಎಂಟು ವಾರಗಳಲ್ಲಿ ಇಳಿದದ್ದು 1.7 ಕಿಲೋ, ಅಂದರೆ ಬೇಗನೆ ಊಟ ಮಾಡಿದ್ದಕ್ಕಿಂತಲೂ ತುಸು ಕಡಿಮೆ. ಆದರೂ ಇದನ್ನೇ ನಾನು ಮೇಲಿಡುತ್ತೇನೆ. ಅದಾದ ಮೇಲೆ ಬಂದ ಅಷ್ಟಮಿಯ ಉಂಡೆ, ಚಕ್ಕುಲಿ, ಚೌತಿಯ ಮೂಡೆ, ನವರಾತ್ರಿಯ ಊಟ, ನೆಂಟರ ಮನೆಯ ಒತ್ತಾಯ, ಯಾವುದರಲ್ಲೂ ಈ ಕ್ರಮ ಮುರಿಯಲಿಲ್ಲ. ಬಾಳೆಎಲೆಯ ಮುಂದೆ ಕುಳಿತಾಗಲೂ ಪಲ್ಯವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡು ಅನ್ನಕ್ಕೆ ಬೇಗ ಕೈ ಅಡ್ಡ ಹಿಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. 66.2 ಇದ್ದ ತೂಕ ಮುಂದಿನ ನಾಲ್ಕು ತಿಂಗಳಲ್ಲಿ ನಿಧಾನವಾಗಿ 64.8ಕ್ಕೆ ಬಂದಿದೆ, ಸೊಂಟ 87 ಸೆಂಟಿಮೀಟರ್ ಆಗಿದೆ. ಮೊದಲ ತೂಕದ ಶೇ. 5ರಷ್ಟು ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆಗಳಿಗೆ ಅನುಕೂಲವೆಂದು ವೈದ್ಯರು ಹೇಳಿದ್ದರು, ನನ್ನದು ಶೇ. 9ರಷ್ಟು ಇಳಿದಿದೆ. ಬಿಎಂಐ ಇನ್ನೂ 26ರ ಮೇಲಿದೆ, ಹಾಗಾಗಿ ಕೆಲಸ ಮುಗಿದಿಲ್ಲ.

ಮೂರನೆಯ ಮತ್ತು ನಾಲ್ಕನೆಯ ದಾರಿ ಎರಡನ್ನೂ ಒಟ್ಟಿಗೆ ಹಿಡಿಯಲಾಗದವರು ಚಹಾದ ಸಕ್ಕರೆ ಮತ್ತು ಸಂಜೆಯ ತಿಂಡಿಯಿಂದ ತೊಡಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದಕ್ಕೆ ಮನೆಯ ಅಡುಗೆಯನ್ನು ಬದಲಿಸಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಕಾಗಿಲ್ಲ, ಮೊದಲ ತಿಂಗಳಲ್ಲೇ ಫಲ ಕಾಣುವುದರಿಂದ ಮುಂದಿನದಕ್ಕೆ ಧೈರ್ಯ ಬರುತ್ತದೆ. ಬಟ್ಟಲಿನ ಪಾಲನ್ನು ಅದು ರೂಢಿಯಾದ ಮೇಲೆ ಬದಲಿಸಬಹುದು. ನಮ್ಮ ಮನೆಯಲ್ಲಿ ರಾತ್ರಿಗೆ ಮತ್ತೆ ಕುಚ್ಚಲಕ್ಕಿ ಗಂಜಿ ಬಂದಿದೆ, ಒಂದು ಸೌಟು ಅನ್ನ, ಬಟ್ಟಲು ತುಂಬ ತಿಳಿ, ಉಪ್ಪಿನಕಾಯಿಯ ಜಾಗದಲ್ಲಿ ಹೆಸರುಕಾಳಿನ ಪಲ್ಯ ಮತ್ತು ಒಂದೆಲಗದ ತಂಬುಳಿ, ಎಂಟೂವರೆಗೆ ಎಲ್ಲರ ಜೊತೆ.