ಹಿತ್ತಿಲಿನ ಮರದ ಕೋಣೆಗೆ ಅನುಮತಿ ಬೇಡ ಎಂಬ ಮಾತನ್ನು ನಂಬಿ ಕೆಟ್ಟೆ

ಇಂಗ್ಲೆಂಡಿನಲ್ಲಿ ಮನೆ ಕೊಂಡು ಹಿತ್ತಿಲಿನಲ್ಲೊಂದು ಮರದ ಕೋಣೆ ಕಟ್ಟಿಸುವ ಯೋಚನೆಯಲ್ಲಿರುವವರು ಮುಂಗಡ ಕೊಡುವ ಮುನ್ನ ಇದನ್ನು ಓದಿ. 2023ರ ಮಾರ್ಚಿನಲ್ಲಿ ಕಟ್ಟಿಸಿದ ಕೋಣೆಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ನಾನೇ ದುಡ್ಡು ಕೊಟ್ಟು ಕೊಯ್ಯಿಸಿದೆ.

ನಮ್ಮದು ಲಂಡನ್ನಿನಿಂದ ಒಂದು ಗಂಟೆ ದೂರದ ಊರಿನಲ್ಲಿ ಎರಡು ಮಲಗುವ ಕೋಣೆಗಳ ಮನೆ. ಬೇಸಿಗೆಯಲ್ಲಿ ಅಪ್ಪ ಅಮ್ಮ ಶಿರಸಿಯಿಂದ ಬಂದರೆ ಆರು ತಿಂಗಳು ಇರುತ್ತಾರೆ. ಹಗಲು ನನ್ನ ಕಚೇರಿ ಕೆಲಸಕ್ಕೆ, ರಾತ್ರಿ ಅವರಿಬ್ಬರ ನಿದ್ದೆಗೆ ಒಂದೇ ಕೋಣೆ ಸಾಕು ಎಂದು ಲೆಕ್ಕ ಹಾಕಿದೆವು. ಗುತ್ತಿಗೆದಾರ ಬಂದು ಹಿತ್ತಿಲು ನೋಡಿ, ಆರು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ ಮರದ ಚೌಕಟ್ಟಿನ ಕೋಣೆಗೆ ಇಪ್ಪತ್ನಾಲ್ಕು ಸಾವಿರ ಪೌಂಡ್ ಹೇಳಿದ. ಅನುಮತಿಯ ಬಗ್ಗೆ ಕೇಳಿದ್ದಕ್ಕೆ, "ಎರಡೂವರೆ ಮೀಟರ್ ಎತ್ತರದೊಳಗಿದ್ದರೆ ಯಾರ ಅಪ್ಪಣೆಯೂ ಬೇಡ" ಎಂದ. ನಮ್ಮ ಅಜ್ಜ ಕೊಟ್ಟಿಗೆ ಕಟ್ಟುವಾಗ ಆಚಾರಿಯನ್ನೂ ಪುರೋಹಿತರನ್ನೂ ಬಿಟ್ಟು ಮೂರನೆಯವರನ್ನು ಕೇಳಿರಲಿಲ್ಲ. ಆ ರಕ್ತವೇ ನನ್ನದೂ, ಸುಮ್ಮನೆ ತಲೆಯಾಡಿಸಿದೆ.

ಅವನ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಮನೆಯ ಬಳಕೆಗೆ ಪೂರಕವಾದ, ಒಂದೇ ಅಂತಸ್ತಿನ, ಮನೆಯ ಮುಂಭಾಗಕ್ಕಿಂತ ಹಿಂದಿರುವ ಕಟ್ಟಡಕ್ಕೆ ಇಲ್ಲಿ ಸಾಮಾನ್ಯವಾಗಿ ಪ್ಲಾನಿಂಗ್ ಅನುಮತಿ, ಅಂದರೆ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತದ ಒಪ್ಪಿಗೆ, ಬೇಡ. 2015ರ ಸರ್ಕಾರಿ ಆದೇಶವೇ ಆ ಹಕ್ಕು ಕೊಡುತ್ತದೆ. ಎತ್ತರದ ಮಿತಿ ಹೀಗೆ: ಎರಡು ಕಡೆ ಇಳಿಜಾರಿನ ಮಾಡಾದರೆ ನಾಲ್ಕು ಮೀಟರ್, ಬೇರೆ ಮಾಡಾದರೆ ಮೂರು ಮೀಟರ್, ಸೂರಿನ ಅಂಚು ಎರಡೂವರೆ ಮೀಟರ್. ಆದರೆ ಗಡಿಯಿಂದ ಎರಡು ಮೀಟರಿನೊಳಗೆ ಕಟ್ಟಿದರೆ ಇಡೀ ಕಟ್ಟಡವೇ 2.5 ಮೀಟರ್ ದಾಟುವಂತಿಲ್ಲ. ನಮ್ಮದು ಬೇಲಿಯಿಂದ ಅರವತ್ತು ಸೆಂಟಿಮೀಟರ್ ದೂರದಲ್ಲಿತ್ತು.

ಎಲ್ಲಿಂದ ಅಳೆಯಬೇಕು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಹಿತ್ತಿಲು ಹಿಂಬದಿಗೆ ಇಳಿಜಾರು. ಅವನು ಕಂಬಗಳ ಮೇಲೆ ಅಡಿಪಾಯದ ಚೌಕಟ್ಟು ಕೂರಿಸಿ, ಅದರ ಮೇಲಿನಿಂದ ಎರಡೂವರೆ ಮೀಟರ್ ಎಣಿಸಿದ್ದ. ಕಾನೂನಿನ ಲೆಕ್ಕ ಶುರುವಾಗುವುದು ಕಟ್ಟಡಕ್ಕೆ ತಾಗಿದ ನೆಲದ ಅತಿ ಎತ್ತರದ ಭಾಗದಿಂದ. ಆ ಕಡೆಯಲ್ಲೂ ಚೌಕಟ್ಟು ಇಪ್ಪತ್ತೈದು ಸೆಂಟಿಮೀಟರ್ ಮೇಲಿತ್ತು. ಹಿಂದಿನ ಮನೆಯವರಿಗಂತೂ ಬೇಲಿಯಾಚೆ ಮೂರು ಮೀಟರಿಗೂ ಎತ್ತರದ ಗೋಡೆ ಎದ್ದಂತೆ ಕಾಣುತ್ತಿತ್ತು. ಅವರು ಕೌನ್ಸಿಲಿಗೆ ದೂರು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನಾಗಿದ್ದರೂ ಕೊಡುತ್ತಿದ್ದೆ.

ಜೂನಿನಲ್ಲಿ ಕೌನ್ಸಿಲಿನ ಅಧಿಕಾರಿ ಲೇಸರ್ ಅಳತೆಯ ಯಂತ್ರ ಹಿಡಿದು ಬಂದರು. ಸೌಜನ್ಯದ ಮನುಷ್ಯ. ಅಮ್ಮ ಕೊಟ್ಟ ಚಹಾ ಕುಡಿದು 2.75 ಎಂದು ಬರೆದುಕೊಂಡರು. ಮುಂದಿನ ಮೆಟ್ಟಿಲ ಕಡೆಯ ಮರದ ಜಗಲಿಯನ್ನೂ ಅಳೆದರು. ಮೂವತ್ತು ಸೆಂಟಿಮೀಟರಿಗಿಂತ ಎತ್ತರವಾದರೆ ಅದಕ್ಕೂ ಬೇರೆ ಅನುಮತಿ ಬೇಕಂತೆ, ನಮ್ಮದು ಮೂವತ್ತೆಂಟು. ಆಮೇಲೆ ಒಳಗಿನ ಸೋಫಾ ಹಾಸಿಗೆಯನ್ನು ನೋಡಿ, ಇಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದರು. ಅಪ್ಪ ಹೆಮ್ಮೆಯಿಂದ, "ನಾವೇ" ಎಂದರು.

ಎರಡನೆಯ ಬಾಗಿಲು ತೆರೆದದ್ದು ಅಲ್ಲಿ. ಪ್ಲಾನಿಂಗ್ ಬೇರೆ, ಕಟ್ಟಡದ ಸುರಕ್ಷತೆ ನೋಡುವ ಬಿಲ್ಡಿಂಗ್ ಕಂಟ್ರೋಲ್ ಬೇರೆ. ಒಂದರಿಂದ ವಿನಾಯಿತಿ ಸಿಕ್ಕರೆ ಇನ್ನೊಂದರಿಂದಲೂ ಸಿಕ್ಕಿತು ಎಂದಲ್ಲ. ಒಳಗಿನ ನೆಲ ಹದಿನೈದು ಚದರ ಮೀಟರಿನೊಳಗಿದ್ದು ಯಾರೂ ಮಲಗದಿದ್ದರೆ ಬಿಲ್ಡಿಂಗ್ ಕಂಟ್ರೋಲಿನ ಗೊಡವೆಯಿಲ್ಲ. ಹದಿನೈದರಿಂದ ಮೂವತ್ತರವರೆಗಾದರೆ, ಮಲಗದಿರುವುದರ ಜೊತೆಗೆ, ಗಡಿಯಿಂದ ಕನಿಷ್ಠ ಒಂದು ಮೀಟರ್ ದೂರವಿರಬೇಕು ಅಥವಾ ಬಹುಪಾಲು ಬೆಂಕಿ ಹಿಡಿಯದ ವಸ್ತುವಿನಲ್ಲಿ ಕಟ್ಟಿರಬೇಕು. ನಮ್ಮದು ಹತ್ತೊಂಬತ್ತು ಚದರ ಮೀಟರ್, ಬೇಲಿಗೆ ತೀರಾ ಹತ್ತಿರದ್ದು, ಅಡಿಯಿಂದ ಮುಡಿಯವರೆಗೆ ಮರ, ಒಳಗೆ ಇಬ್ಬರು ಹಿರಿಯರ ಹಾಸಿಗೆ. ತಪ್ಪಲು ಒಂದಾದರೂ ದಾರಿ ಉಳಿಸಿಕೊಂಡಿರಲಿಲ್ಲ.

ಗುತ್ತಿಗೆದಾರನಿಗೆ ಫೋನ್ ಮಾಡಿದೆ. ಒಪ್ಪಂದದ ಕೊನೆಯ ಹಾಳೆಯನ್ನು ಓದಲು ಹೇಳಿದ. ಎಲ್ಲ ಅನುಮತಿಗಳ ಹೊಣೆ ಗ್ರಾಹಕರದು ಎಂದು ಇರುವೆಯ ಸಾಲಿನಂಥ ಅಕ್ಷರಗಳಲ್ಲಿತ್ತು, ಕೆಳಗೆ ನನ್ನ ಸಹಿ.

206 ಪೌಂಡ್ ಕಟ್ಟಿ, ಕಟ್ಟಿಯಾದ ಮೇಲಿನ ಅನುಮತಿಗೆ ಅರ್ಜಿ ಹಾಕಿದೆ. ನೆರೆಯವರ ತೋಟಕ್ಕೆ ಕವಿದಂತಿದೆ ಎಂದು ಸೆಪ್ಟೆಂಬರಿನಲ್ಲಿ ತಿರಸ್ಕರಿಸಿದರು. ಪರಿಚಿತರೊಬ್ಬರು, "ಮೇಲ್ಮನವಿ ಅದೂ ಇದೂ ಎಂದು ನಾಲ್ಕು ವರ್ಷ ತಳ್ಳಿಬಿಡಿ, ಆಮೇಲೆ ಕೇಳುವವರಿಲ್ಲ" ಎಂದರು. ದೂರು ದಾಖಲಾದವನಿಗೆ ಅದು ಆಗಲೂ ಉಪಯೋಗವಿಲ್ಲದ ಮಾತು. ಈಗಂತೂ 2024ರ ಏಪ್ರಿಲ್ 25ರಿಂದೀಚೆ ಕಟ್ಟಿ ಮುಗಿಸಿದ್ದಕ್ಕೆ ಇಂಗ್ಲೆಂಡಿನಲ್ಲಿ ಆ ಅವಧಿ ಹತ್ತು ವರ್ಷ. ಈ ಸಲಹೆ ನಮ್ಮವರ ಕೂಟಗಳಲ್ಲಿ ಇನ್ನೂ ತಿರುಗುತ್ತಿದೆ, ಕಿವಿಗೆ ಹಾಕಿಕೊಳ್ಳಬೇಡಿ.

ಮರದ ಚೌಕಟ್ಟಾದ್ದರಿಂದ ಕೊಯ್ಯಲು ಸಾಧ್ಯವಾಯಿತು, ಇಟ್ಟಿಗೆಯದಾಗಿದ್ದರೆ ಒಡೆಯುವುದೇ ಗತಿ. ಬೇರೊಬ್ಬ ಬಡಗಿ ಮಾಡು ಇಳಿಸಿ, ಗೋಡೆಯ ಕಂಬಗಳನ್ನು ಕತ್ತರಿಸಿ, ಉದ್ದವನ್ನೂ ತಗ್ಗಿಸಿ, ಒಳಗಿನ ನೆಲವನ್ನು ಹದಿನಾಲ್ಕು ಚದರ ಮೀಟರಿಗೆ ತಂದ. ಜಗಲಿ ಹೋಯಿತು, ಸೋಫಾ ಹಾಸಿಗೆಯೂ ಹೋಯಿತು. ಆರು ಸಾವಿರದ ಎಂಟುನೂರು ಪೌಂಡ್ ಖರ್ಚು.

ಕಟ್ಟುವ ಮುನ್ನವೇ ಕೌನ್ಸಿಲಿನಿಂದ ಕಾನೂನುಬದ್ಧತೆಯ ಪ್ರಮಾಣಪತ್ರ ಪಡೆಯಬಹುದಿತ್ತು. ಅದಕ್ಕೆ ಅರ್ಜಿ ಶುಲ್ಕದ ಅರ್ಧ, ಆಗಿನ ಲೆಕ್ಕದಲ್ಲಿ 103 ಪೌಂಡ್. ಅಳತೆ ತಪ್ಪಿದ್ದರೆ ನಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು. ಹೊಸ ಬಡಾವಣೆಯ ಮನೆಯವರು ಇನ್ನೂ ಜಾಗರೂಕರಾಗಿರಬೇಕು: ಬಡಾವಣೆಗೆ ಅನುಮತಿ ಕೊಡುವಾಗಲೇ ಷರತ್ತು ಹಾಕಿ, ಅನುಮತಿಯಿಲ್ಲದೆ ಕಟ್ಟುವ ಈ ಹಕ್ಕನ್ನು ಕಿತ್ತುಕೊಂಡಿರುವುದುಂಟು. ಫ್ಲ್ಯಾಟುಗಳಿಗೆ ಈ ಹಕ್ಕು ಇಲ್ಲವೇ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳ ನಿಯಮಗಳೇ ಬೇರೆ, ನನ್ನ ಅಂಕಿಗಳನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಕತ್ತರಿಸಿದ ತುಂಡುಗಳು ಇನ್ನೂ ಬೇಲಿಯ ಪಕ್ಕ ಟಾರ್ಪಾಲಿನಡಿ ಇವೆ. ಅದರಲ್ಲೊಂದು ಕೋಳಿಗೂಡು ಮಾಡಬಾರದೇ ಎಂದು ಅಪ್ಪ ಶಿರಸಿಯಿಂದ ಕೇಳುತ್ತಾರೆ. ಕೋಳಿಗೂಡೂ ಅದೇ ನಿಯಮದಡಿ ಬರುತ್ತದೆ ಎಂದು ಹೇಳಿದ್ದೇನೆ. ಅವರು ನಂಬಿಲ್ಲ.