ಎಪ್ಸನ್ ವಿ600: ಅಪ್ಪನ ನೆಗೆಟಿವ್‌ಗಳ ಜೊತೆ ಎರಡು ಬೇಸಿಗೆ

ಅಪ್ಪನ ನೆಗೆಟಿವ್‌ಗಳು ಮನೆಯಲ್ಲಿ ಎರಡು ಕಡೆ ಇದ್ದವು. ಸ್ವಲ್ಪ ಕಬ್ಬಿಣದ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ. ಉಳಿದವು ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ, ತಗಡಿನ ಬಿಸ್ಕೆಟ್ ಡಬ್ಬಿಯಲ್ಲಿ. ಬೀರುವಿನಲ್ಲಿ ಜೋಪಾನವಾಗಿ ಇಟ್ಟವಕ್ಕೆ ಬೂಷ್ಟು ಹಿಡಿದಿತ್ತು. ಅಟ್ಟದಲ್ಲಿ ಏಲಕ್ಕಿ, ಒಳ್ಳೆಮೆಣಸಿನ ಜೊತೆ ಹೊಗೆ ಕುಡಿಯುತ್ತ ಬಿದ್ದಿದ್ದವು ಮಾತ್ರ 45 ವರ್ಷ ಕಳೆದರೂ ಚೆನ್ನಾಗಿದ್ದವು. ಕೊಡಗಿನ ಮಳೆಗಾಲ ಕಂಡವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಬೆಂಕಿ ಇರುವ ಜಾಗ ಮಾತ್ರ ಒಣ.

ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ವಾರದ ಬಟವಾಡೆ ಮಾಡುವುದು ಅವರ ಕೆಲಸ. ಮೊದಲು ಅವರ ಹತ್ತಿರ ಆಗ್ಫಾ ಕ್ಲಿಕ್ 3 ಇತ್ತು. 120 ಫಿಲ್ಮ್ ಹಾಕಿದರೆ ಚೌಕಾಕಾರದ 12 ಫೋಟೋ ಬರುವ ಕ್ಯಾಮೆರಾ. ಆಮೇಲೆ ಯಾಶಿಕಾ ಎಂಎಫ್-2 ತಗೊಂಡರು, ಅದು 35 ಎಂಎಂ. ಹಾಗಾಗಿ ನನ್ನ ಹತ್ತಿರ ಎರಡೂ ತರಹದ ನೆಗೆಟಿವ್ ಇವೆ. ಇವನ್ನು ಸ್ಕ್ಯಾನ್ ಮಾಡಲು ತಂದ ಎಪ್ಸನ್ ವಿ600 ಸ್ಕ್ಯಾನರ್ ಬಗ್ಗೆ ನಾನು ಹೇಳುವ ಮಾತಿಗೆ ಈ ವ್ಯತ್ಯಾಸವೇ ಮುಖ್ಯ.

ಸ್ಕ್ಯಾನ್ ಮಾಡಲೇಬೇಕು ಅಂತ ಅನ್ನಿಸಿದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮ ನೆಂಟರ ಒಂದು ಮನೆ ಹೋಯಿತು. ಜೀವ ಉಳಿಯಿತು, ರೇಷನ್ ಕಾರ್ಡ್ ಉಳಿಯಿತು. ಮದುವೆ ಆಲ್ಬಮ್ ಉಳಿಯಲಿಲ್ಲ. ಆ ಮನೆಯ ಅತ್ತೆ ಇವತ್ತಿಗೂ ಅದನ್ನೇ ನೆನೆಸಿಕೊಂಡು ಅಳುತ್ತಾರೆ. ಆಮೇಲೆ ಒಂದು ರೋಲನ್ನು ಲ್ಯಾಬ್ ಒಂದಕ್ಕೆ ಕೊಟ್ಟು ನೋಡಿದೆ. ಬಂದ ಫೈಲ್‌ಗಳು ವಾಟ್ಸಾಪ್‌ನಲ್ಲಿ ಕಳಿಸಲು ಸಾಕು, ಪ್ರಿಂಟ್ ಹಾಕಲು ಸಾಲದು. ಬಿಳಿ ಪಂಚೆ, ಬಿಳಿ ಗೋಡೆ ಎಲ್ಲಾ ಸೇರಿ ಒಂದೇ ಸುಣ್ಣದ ಮುದ್ದೆ ಆಗಿತ್ತು. ಕೊನೆಗೆ ಮೈಸೂರಿನಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬರಿಂದ ಎಪ್ಸನ್ ಪರ್ಫೆಕ್ಷನ್ ವಿ600 ಅನ್ನು 14,000 ರೂಪಾಯಿಗೆ ತಂದೆ. 2009ರಲ್ಲಿ ಬಂದ ಮಾಡೆಲ್. ಫಿಲ್ಮ್ ಕೂರಿಸುವ ಚೌಕಟ್ಟುಗಳು, ಅಂದರೆ ಹೋಲ್ಡರ್‌ಗಳು, ಎರಡೂ ಸರಿಯಾಗಿದ್ದವು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೊದಲು ಹೋಲ್ಡರ್ ಇದೆಯಾ ಅಂತ ಕೇಳಿ. ಅದು ಇಲ್ಲದಿದ್ದರೆ ಫಿಲ್ಮ್ ಸ್ಕ್ಯಾನರ್ ಅಲ್ಲ, ಬರೀ ಕಾಗದದ ಸ್ಕ್ಯಾನರ್.

ಮೊದಲ ದಿನ ಏನೂ ಬರಲಿಲ್ಲ, ಪರದೆ ತುಂಬಾ ಕಪ್ಪು. ಮುಚ್ಚಳದ ಒಳಗೆ ಒಂದು ಬಿಳಿ ಹಲಗೆ ಇರುತ್ತದೆ. ಕಾಗದ ಸ್ಕ್ಯಾನ್ ಮಾಡುವಾಗ ಅದು ಬೇಕು. ಫಿಲ್ಮ್‌ಗೆ ಅದನ್ನು ಜಾರಿಸಿ ತೆಗೆಯಬೇಕು, ಯಾಕೆಂದರೆ ಬೆಳಕು ಮುಚ್ಚಳದಿಂದ ಫಿಲ್ಮ್ ಮೂಲಕ ಕೆಳಗೆ ಬರಬೇಕು. ಹೊಸಬರು ಇದನ್ನು ಮೊದಲೇ ತಿಳಿದುಕೊಂಡರೆ ಒಂದು ಸಂಜೆ ಉಳಿಯುತ್ತದೆ. ಹಾಗೇ ಹೋಲ್ಡರ್‌ನ ಮೇಲ್ತುದಿಯಲ್ಲಿ ಒಂದು ಖಾಲಿ ಕಿಂಡಿ ಇದೆ. ಅಲ್ಲಿ ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುತ್ತದೆ. ಅದರ ಮೇಲೆ ಫಿಲ್ಮ್ ಚೂರಾಗಲಿ ಧೂಳಾಗಲಿ ಇದ್ದರೆ ಫೋಟೋದಲ್ಲಿ ಉದ್ದುದ್ದ ಗೆರೆ ಬೀಳುತ್ತದೆ.

ಆಮೇಲೆ 120ರ ಮೊದಲ ನೆಗೆಟಿವ್ ಇಟ್ಟೆ. ಅದರ ಅಂಚಿನಲ್ಲಿ ಓರ್ವೋ ಅಂತ ಫಿಲ್ಮ್‌ನ ಹೆಸರು ಇತ್ತು. ಡಬ್ಬಿಯಲ್ಲಿ 'ಇಂದು' ಅನ್ನುವ ಹೆಸರಿನ ಫಿಲ್ಮ್ ಇನ್ನೂ ಎರಡು ರೋಲ್ ಇವೆ, ನಮ್ಮ ಪಕ್ಕದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನಲ್ಲಿ ತಯಾರಾದವು. ಚಿತ್ರ ಬಟವಾಡೆ ದಿನದ್ದು. ತೋಟದ ಆಫೀಸಿನ ಜಗಲಿ, ಮೇಜು, ಮೇಜಿನ ಮೇಲೆ ಚೆಕ್‌ರೋಲ್ ಪುಸ್ತಕ, ಎದುರಿಗೆ ಸಾಲಾಗಿ ನಿಂತ ಆಳುಗಳು. ಇದರ ಪ್ರಿಂಟ್ ನಮ್ಮ ಆಲ್ಬಮ್‌ನಲ್ಲಿ ಮೊದಲಿನಿಂದ ಇತ್ತು, ಅಂಗೈಗಿಂತ ಚಿಕ್ಕದು. ಅದರಲ್ಲಿ ಹಿಂದಿನ ಕಿಟಕಿ ಬರೀ ಕಪ್ಪು ಚೌಕ. 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕಿಯಂತೆ, ಸ್ಕ್ಯಾನ್ ಆದ ಮೇಲೆ ಹಿಗ್ಗಿಸಿ ನೋಡಿದೆ. ಕಿಟಕಿಯ ಸರಳನ್ನು ಒಂದು ಕೈ ಹಿಡಿದಿತ್ತು. ನಾಲ್ಕು ಗಾಜಿನ ಬಳೆ. ಅದರ ಮೇಲೆ ಅರ್ಧ ಮುಖ, ಮೂಗುಬೊಟ್ಟು. ನನ್ನಮ್ಮ. ಮದುವೆಯಾಗಿ ಬಂದ ವರ್ಷ ಇರಬೇಕು. ಅಮ್ಮನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. "ಹೊರಗೆ ಬರಬೇಡ ಅಂದಿದ್ರು ನಿಮ್ಮಪ್ಪ, ಅದಕ್ಕೆ ಒಳಗಿಂದ ನೋಡ್ತಿದ್ದೆ" ಅಂದರು.

ಈ ಸ್ಕ್ಯಾನರ್‌ನ ಬೆಲೆ ನನ್ನ ಪಾಲಿಗೆ ಆವತ್ತೇ ತೀರಿತು.

ಈಗ ಡಿಪಿಐ ವಿಷಯ. ಪೆಟ್ಟಿಗೆ ಮೇಲೆ 6400 ಅಂತ ಇದೆ. ಆಸೆಗೆ ಬಿದ್ದು ಆ ಅಂಕಿಯಲ್ಲಿ ಸ್ಕ್ಯಾನ್ ಮಾಡಬೇಡಿ. ಅದು ಸೆನ್ಸರ್ ಎಷ್ಟು ಚುಕ್ಕಿ ಓದುತ್ತದೆ ಅನ್ನುವ ಲೆಕ್ಕ, ಎಷ್ಟು ವಿವರ ಸಿಗುತ್ತದೆ ಅನ್ನುವ ಲೆಕ್ಕ ಅಲ್ಲ. ಗಾಜಿನ ಮೇಲೆ ಫಿಲ್ಮ್ ಇಟ್ಟು ಓದುವ ಫ್ಲಾಟ್‌ಬೆಡ್‌ಗಳ ಸ್ವಭಾವವೇ ಹಾಗೆ, ಲೆನ್ಸ್ ಮತ್ತು ಗಾಜು ದಾಟಿ ಬರುವಷ್ಟರಲ್ಲಿ ನಿಜವಾದ ವಿವರ ತುಂಬಾ ಕೆಳಗೆ ನಿಲ್ಲುತ್ತದೆ. 35 ಎಂಎಂನ ಒಂದು ಫ್ರೇಮ್ 6400ರಲ್ಲಿ ಸುಮಾರು 5.5 ಕೋಟಿ ಪಿಕ್ಸೆಲ್ ಆಗುತ್ತದೆ. 48 ಬಿಟ್‌ನಲ್ಲಿ ಉಳಿಸಿದರೆ ಒಂದೇ ಫೈಲ್ 300 ಎಂಬಿ ದಾಟುತ್ತದೆ. ಅದನ್ನೇ 2400ರಲ್ಲಿ ಮಾಡಿದರೆ ಸುಮಾರು 77 ಲಕ್ಷ ಪಿಕ್ಸೆಲ್. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ತಿಂಗಳು ನೋಡಿದ್ದೇನೆ. ದೊಡ್ಡದರಲ್ಲಿ ಹೆಚ್ಚಿಗೆ ಕಂಡಿದ್ದು ಮಸುಕು ಮಾತ್ರ. ಈಗ ಎಲ್ಲವನ್ನೂ 2400ರಲ್ಲೇ ಮಾಡುತ್ತೇನೆ. ತೀರಾ ಬೇಕಾದ ಫೋಟೋಗೆ 3200ರಲ್ಲಿ ಮಾಡಿ ಆಮೇಲೆ ಚಿಕ್ಕದು ಮಾಡುತ್ತೇನೆ.

120 ಫಿಲ್ಮ್‌ಗೆ ಈ ಮಿತಿ ಅಡ್ಡ ಬರುವುದೇ ಇಲ್ಲ. ನೆಗೆಟಿವ್ವೇ ದೊಡ್ಡದು, 56 ಮಿಲಿಮೀಟರ್ ಚೌಕ. 2400ರಲ್ಲೇ 5,200ಕ್ಕಿಂತ ಜಾಸ್ತಿ ಪಿಕ್ಸೆಲ್ ಅಗಲ ಬರುತ್ತದೆ. ಅದರಿಂದ 12 ಇಂಚು ಚೌಕದ ಪ್ರಿಂಟ್ ಹಾಕಿಸಿದ್ದೇನೆ, ಕಣ್ಣಿಗೆ ಹಿತವಾಗಿದೆ. 35 ಎಂಎಂನಲ್ಲಿ ಆಲ್ಬಮ್ ಸೈಜ್ ಚೆನ್ನಾಗಿ ಬರುತ್ತದೆ, 8 ಇಂಚಿನವರೆಗೂ ಪರವಾಗಿಲ್ಲ, ಅದಕ್ಕಿಂತ ದೊಡ್ಡದಕ್ಕೆ ನಾನು ಹೋಗುವುದಿಲ್ಲ. ನಿಮ್ಮ ಮನೆಯಲ್ಲಿ ಬರೀ 35 ಎಂಎಂ ಇದ್ದರೆ, ಅದೂ ದೊಡ್ಡ ಪ್ರಿಂಟ್ ಬೇಕಿದ್ದರೆ, ಇದನ್ನು ತಗೊಳ್ಳಿ ಅಂತ ಹೇಳಲಾರೆ. ಪ್ಲಸ್‌ಟೆಕ್ 8200ಐ ತರಹದ್ದು 35 ಎಂಎಂಗೆಂದೇ ಮಾಡಿದ ಯಂತ್ರ. ಕುಶಾಲನಗರದಲ್ಲಿರುವ ನನ್ನ ಅಕ್ಕನ ಮಗ ಮ್ಯಾಕ್ರೋ ಲೆನ್ಸ್ ಇರುವ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಕೆಳಗೆ ಲೈಟ್ ಪ್ಯಾಡ್ ಇಟ್ಟು ನೆಗೆಟಿವ್‌ನ ಫೋಟೋ ತೆಗೆಯುತ್ತಾನೆ. 35 ಎಂಎಂನಲ್ಲಿ ಅವನದು ನನ್ನದಕ್ಕಿಂತ ಚೂಪಾಗಿದೆ, ಅದು ನಿಜ.

ಆದರೆ ಯಂತ್ರಕ್ಕಿಂತ ದೊಡ್ಡ ಕೆಲಸ ಫಿಲ್ಮನ್ನು ಚಪ್ಪಟೆಯಾಗಿ ಕೂರಿಸುವುದು. ಒಲೆ ಬಿಸಿಗೆ ನಮ್ಮ ನೆಗೆಟಿವ್‌ಗಳು ಒಣಗಿದ ಬಾಳೆಲೆ ಹಾಗೆ ಸುರುಟಿಕೊಂಡಿದ್ದವು. ಹೋಲ್ಡರ್‌ಗೆ ಹಾಕಿದರೆ ನಡುಭಾಗ ಕೆಳಗೆ ಜೋತು ಗಾಜಿಗೆ ತಾಗುತ್ತಿತ್ತು. ಹಾಗೆ ತಾಗಿದ ಕಡೆ ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಣ್ಣಬಣ್ಣದ ಉಂಗುರ ಬರುತ್ತವೆ, ನ್ಯೂಟನ್ ರಿಂಗ್ ಅನ್ನುತ್ತಾರೆ. ಒಂದಿಷ್ಟನ್ನು ಶುಭ್ರವಾದ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ನಿಘಂಟು, ಅದರ ಮೇಲೆ ಕಡೆಯುವ ಕಲ್ಲು ಇಟ್ಟು ಮೂರು ವಾರ ಬಿಟ್ಟೆ. ಮುಕ್ಕಾಲು ಪಾಲು ಸರಿಯಾದವು. ಆಗದವನ್ನು ತಿರುವಿ ಹಾಕಿದೆ. ಸಾಮಾನ್ಯವಾಗಿ ಹೊಳೆಯುವ ಬದಿ ಕೆಳಗೆ ಬರಬೇಕು, ಕಂಪನಿ ಹೆಸರು ನೇರವಾಗಿ ಓದಲು ಬರುವ ಬದಿ ಅದು. ಮಂಕು ಬದಿ ಕೆಳಗೆ ಮಾಡಿದರೆ ಬಾಗು ಮೇಲಕ್ಕೆ ಹೋಗಿ ಗಾಜಿನಿಂದ ದೂರ ಆಗುತ್ತದೆ. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ, ಆಮೇಲೆ ಕಂಪ್ಯೂಟರ್‌ನಲ್ಲಿ ತಿರುಗಿಸಿದರಾಯಿತು.

ಇನ್ನೊಂದು, ಇದರಲ್ಲಿ ಫೋಕಸ್ ಬದಲಿಸಲು ಗುಂಡಿ ಇಲ್ಲ. ಹೋಲ್ಡರ್ ಎಷ್ಟು ಎತ್ತರದಲ್ಲಿ ಕೂರುತ್ತದೋ ಅಷ್ಟೇ. ನಾನು ಹೋಲ್ಡರ್‌ನ ನಾಲ್ಕು ಮೂಲೆಗೆ ಕ್ಯಾಲೆಂಡರ್ ಹಾಳೆಯ ಚೂರುಗಳನ್ನು ಒಂದೊಂದಾಗಿ ಅಂಟಿಸುತ್ತ, ಒಂದೇ ನೆಗೆಟಿವ್ ಅನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಹೋಲಿಸಿದೆ. ಎರಡು ಚೂರು ಹಾಕಿದಾಗ ಫಿಲ್ಮ್‌ನ ಕಣಗಳು ಸ್ಪಷ್ಟವಾದವು, ಮೂರಕ್ಕೆ ಮತ್ತೆ ಮಸುಕಾಯಿತು. ನಿಮ್ಮ ಯಂತ್ರಕ್ಕೆ ಬೇರೆ ಲೆಕ್ಕ ಬರಬಹುದು. ಒಂದು ಭಾನುವಾರದ ಕೆಲಸ, ತಪ್ಪದೆ ಮಾಡಿ. ಹೋಲಿಸುವಾಗ ಚಿತ್ರದಲ್ಲಿರುವ ಮುಖ ನೋಡಬೇಡಿ, ಫಿಲ್ಮ್‌ನ ಕಣಗಳನ್ನು ನೋಡಿ.

ಧೂಳು ತೆಗೆಯಲು ಡಿಜಿಟಲ್ ಐಸ್ ಅನ್ನುವ ಸೌಲಭ್ಯ ಇದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಣ್ಣದ ಫಿಲ್ಮನ್ನು ಸಲೀಸಾಗಿ ದಾಟುತ್ತದೆ, ಧೂಳು ಮತ್ತು ಗೀರು ಇರುವ ಕಡೆ ತಡೆ ಬೀಳುತ್ತದೆ. ಆ ಜಾಗ ಗುರುತಿಸಿ ತುಂಬುತ್ತದೆ. ಯಾಶಿಕಾದ ಬಣ್ಣದ ರೋಲ್‌ಗಳಿಗೆ ಇದು ದೊಡ್ಡ ಉಪಕಾರ. ಸಮಯ ಮಾತ್ರ ತುಂಬಾ ತಗೊಳ್ಳುತ್ತದೆ, ಆರು ಫ್ರೇಮ್‌ನ ಒಂದು ಪಟ್ಟಿ ಹಾಕಿ ಹಾಲು ಕಾಯಿಸಿ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಕಪ್ಪು ಬಿಳುಪಿಗೆ ಮಾತ್ರ ಇದನ್ನು ಹಾಕಲೇಬೇಡಿ. ಅಲ್ಲಿ ಚಿತ್ರ ಆಗಿರುವುದೇ ಬೆಳ್ಳಿಯಿಂದ. ಬೆಳ್ಳಿ ಆ ಬೆಳಕನ್ನು ತಡೆಯುತ್ತದೆ, ಹಾಗಾಗಿ ಯಂತ್ರ ಚಿತ್ರವನ್ನೇ ಕೊಳೆ ಅಂದುಕೊಳ್ಳುತ್ತದೆ. ಮುಖಗಳೆಲ್ಲ ಕಲಸಿಹೋಗುತ್ತವೆ. ಕಪ್ಪು ಬಿಳುಪಿಗೆ ಕೈಯಿಂದಲೇ ಚುಕ್ಕಿ ತೆಗೆಯಬೇಕು. ನಾನು ಜಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇನೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಕಾಫಿ ಕಣದಲ್ಲಿ ಒಣಗುವ ತಿಂಗಳುಗಳಲ್ಲಿ ನಮ್ಮ ಮನೆಯೊಳಗೆ ಧೂಳು ಜಾಸ್ತಿ. ಹಾಗಾಗಿ ಬೆಳಿಗ್ಗೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಕೂರುತ್ತೇನೆ. ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ, ಮೆತ್ತಗಿನ ಬ್ರಷ್ ಒಂದು ಸಲ ಎಳೆಯುತ್ತೇನೆ. ಬಾಯಲ್ಲಿ ಊದುವುದಿಲ್ಲ. ಉಗುಳಿನ ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ. ಅಟ್ಟದ ನೆಗೆಟಿವ್‌ಗಳ ಹೊಳೆಯುವ ಬದಿಯಲ್ಲಿದ್ದ ಹೊಗೆಯ ಪದರವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಏಲಕ್ಕಿ ವಾಸನೆ ಇನ್ನೂ ಇತ್ತು.

ಬೂಷ್ಟು ಹಿಡಿದವಕ್ಕೆ ನೀರು ತಾಗಿಸಬೇಡಿ, ದಯವಿಟ್ಟು. ಬೂಷ್ಟು ತಿಂದ ಜೆಲಾಟಿನ್ ನೀರಲ್ಲಿ ಕರಗುತ್ತದೆ. ನಾನು ಒಂದು ಪಟ್ಟಿಯನ್ನು ತೊಳೆದು ನೋಡಿದೆ, ಅಜ್ಜಿಯ ಮುಖ ಇದ್ದ ಜಾಗ ಕೈಗೆ ಅಂಟಿಕೊಂಡು ಬಂತು. ಅದು ನನಗೆ ಇವತ್ತಿಗೂ ನೋವು. ಉಳಿದವನ್ನು ಹಾಗೇ ಸ್ಕ್ಯಾನ್ ಮಾಡಿದೆ. ಬಳ್ಳಿ ಬಳ್ಳಿಯಾಗಿ ಹರಡಿದ ಗುರುತು ಕಾಣುತ್ತದೆ, ಆದರೆ ಮುಖ ಇದೆ. ಈಗ ಎಲ್ಲವೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇವೆ. ಮಳೆಗಾಲದಲ್ಲಿ ನೀಲಿ ಹರಳು ಗುಲಾಬಿಯಾದ ಕೂಡಲೇ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬಳಸುವುದಿಲ್ಲ.

ಸಾಫ್ಟ್‌ವೇರ್ ವಿಷಯ ಬೇಗ ಹೇಳುತ್ತೇನೆ. ಪ್ರೊಫೆಷನಲ್ ಮೋಡ್‌ಗೆ ಹೋಗಿ. ಅನ್‌ಶಾರ್ಪ್ ಮಾಸ್ಕ್ ತೆಗೆಯಿರಿ, ಚೂಪು ಮಾಡುವ ಕೆಲಸ ಕೊನೆಗೆ ಇರಲಿ. ಕಪ್ಪು ಬಿಳುಪಿಗೆ 16 ಬಿಟ್, ಬಣ್ಣಕ್ಕೆ 48 ಬಿಟ್, ಟಿಫ್ ಫೈಲ್. ಆಟೋ ಎಕ್ಸ್‌ಪೋಶರ್ ನಂಬಬೇಡಿ, ಬಿಳಿ ಪಂಚೆ ಸುಣ್ಣದ ಮುದ್ದೆ ಆಗುವುದು ಅಲ್ಲೇ. ಹಿಸ್ಟೋಗ್ರಾಂ, ಅಂದರೆ ಚಿತ್ರದ ಬೆಳಕು-ನೆರಳನ್ನು ಗುಡ್ಡದ ಹಾಗೆ ತೋರಿಸುವ ನಕ್ಷೆ, ತೆರೆದು ಎರಡೂ ತುದಿಯ ಗುರುತುಗಳನ್ನು ಗುಡ್ಡ ಮುಗಿಯುವ ಜಾಗಕ್ಕಿಂತ ಸ್ವಲ್ಪ ಆಚೆ ನಿಲ್ಲಿಸಿ. ಸ್ಕ್ಯಾನ್ ಮಂಕಾಗಿ, ಸಪ್ಪೆಯಾಗಿ ಕಾಣಬೇಕು. ಹಾಗಿದ್ದರೆ ಪಂಚೆಯ ಮಡಿಕೆಯೂ ಇದೆ, ಕೊಡೆಯ ಕೆಳಗಿನ ನೆರಳೂ ಇದೆ ಅಂತ ಅರ್ಥ. ಬಣ್ಣದ ಫಿಲ್ಮ್‌ನಲ್ಲಿ ಕಿತ್ತಳೆ ಪದರ ಇರುವುದರಿಂದ ಬಣ್ಣ ನೀಲಿಗೋ ಹಸಿರಿಗೋ ವಾಲುತ್ತದೆ. ನಾನು ಚಿತ್ರದಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ ಎಲ್ಲಿದೆ ಅಂತ ಹುಡುಕಿ ಅದನ್ನು ಬೂದು ಅಂತ ತೋರಿಸುತ್ತೇನೆ. ತೋಟದ ಫೋಟೋಗಳಲ್ಲಿ ಕಣ ಒಂದು ಮೂಲೆಯಲ್ಲಾದರೂ ಇದ್ದೇ ಇರುತ್ತದೆ. ಉಳಿದ ಬಣ್ಣಗಳು ಹೆಚ್ಚು ಕಡಿಮೆ ತಾವೇ ಸರಿಹೋಗುತ್ತವೆ.

ಕರೆಂಟಿಗೆ ಯುಪಿಎಸ್ ಇಟ್ಟುಕೊಳ್ಳಿ. ಫೈಲ್‌ಗಳಿಗೆ ಎರಡು ಹಾರ್ಡ್ ಡಿಸ್ಕ್. ನನ್ನದರಲ್ಲಿ ಒಂದು ಮೈಸೂರಿನಲ್ಲಿ ತಂಗಿ ಮನೆಯಲ್ಲಿದೆ.

ಎರಡು ಬೇಸಿಗೆಯಲ್ಲಿ 612 ಫ್ರೇಮ್ ಮುಗಿದಿವೆ. ಬಟವಾಡೆ ಫೋಟೋದ ದೊಡ್ಡ ಪ್ರಿಂಟ್ ನಡುಮನೆಯಲ್ಲಿದೆ. ಹೋದ ತಿಂಗಳು ತೋಟದ ಹಳೆ ಮೇಸ್ತ್ರಿ ಬಂದಿದ್ದರು, ಈಗ ಎಂಬತ್ತು ದಾಟಿದೆ. ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತರು. ಎಡಗಡೆಯಿಂದ ಶುರು ಮಾಡಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳಿದರು, ಯಾರ ಮಗ, ಆಳುಗಳ ಸಾಲುಮನೆಗಳಲ್ಲಿ ಯಾವ ಲೈನ್ ಮನೆ ಅಂತ. ನಾನು ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಸಾಲಿನಲ್ಲಿ 17 ಜನ ಇದ್ದಾರೆ. 11 ಹೆಸರು ಸಿಕ್ಕಿವೆ. ಉಳಿದ ಆರಕ್ಕೆ ಮೇಸ್ತ್ರಿ ತಮ್ಮ ಅಕ್ಕನನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ.