‘ಜಿಡಿಸಿ ಅಂಗೀಕೃತ ಕೋರ್ಸ್’ ಅಂತ ಕಂಡರೆ ದುಡ್ಡು ಕಟ್ಟಬೇಡಿ

ಇಂಗ್ಲೆಂಡಿನಲ್ಲಿ ಡೆಂಟಲ್ ನರ್ಸ್ ಆಗಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಬಿಡಿಎಸ್ ಮುಗಿಸಿ ಬಂದು, ಹೊರದೇಶದ ದಂತವೈದ್ಯರು ಇಲ್ಲಿ ನೋಂದಣಿಗಾಗಿ ಬರೆಯುವ ಓಆರ್‌ಇ ಪರೀಕ್ಷೆಗೆ ಓದುತ್ತಾ ಈ ಕೆಲಸ ಮಾಡುವವರಿದ್ದಾರೆ. ನಾನೂ ಹಾಗೇ ಬಂದವಳು.

ಇಲ್ಲಿ ದಂತವೈದ್ಯರನ್ನೂ ಡೆಂಟಲ್ ನರ್ಸ್‌ಗಳನ್ನೂ ನೋಂದಾಯಿಸುವ ಜನರಲ್ ಡೆಂಟಲ್ ಕೌನ್ಸಿಲ್ (ಜಿಡಿಸಿ) ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ನರ್ಸ್‌ಗಳು 5 ವರ್ಷದಲ್ಲಿ 50 ಗಂಟೆ ಸಿಪಿಡಿ, ಅಂದರೆ ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವ ಕಲಿಕೆ, ಮಾಡಬೇಕು. ಒಂದರ ಹಿಂದೊಂದು ಬರುವ ಯಾವ ಎರಡು ವರ್ಷ ತೆಗೆದುಕೊಂಡರೂ 10 ಗಂಟೆ ಇರಲೇಬೇಕು. ನಮ್ಮ ವರ್ಷ ಮುಗಿಯುವುದು ಜುಲೈ 31ಕ್ಕೆ. ಹಿಂದಿನ ವರ್ಷ ಮಗು ಚಿಕ್ಕದು, ನಾನು ಒಂದು ಗಂಟೆಯನ್ನೂ ಮಾಡಿರಲಿಲ್ಲ. ಜೂನ್‌ನಲ್ಲಿ ಫೋನಿನಲ್ಲಿ ಜಾಹೀರಾತು ಬಂತು: ‘ಜಿಡಿಸಿ ಅಂಗೀಕೃತ, 29 ಪೌಂಡಿಗೆ 12 ಗಂಟೆ.’ ಕಟ್ಟಿಬಿಟ್ಟೆ.

ಒಂದೊಂದು ವಿಷಯಕ್ಕೂ ನಾಲ್ಕು ಪುಟದ ಪಿಡಿಎಫ್, ಐದು ಪ್ರಶ್ನೆ. ತಪ್ಪು ಉತ್ತರ ಒತ್ತಿದರೆ ಅದೇ ಪ್ರಶ್ನೆ ಮತ್ತೆ, ಸರಿ ಆಗುವವರೆಗೂ. ಎರಡು ಗಂಟೆಯ ‘ಮೆಡಿಕಲ್ ಎಮರ್ಜೆನ್ಸಿ’ 11 ನಿಮಿಷಕ್ಕೆ ಮುಗಿಯಿತು. ಪ್ರತಿ ವರ್ಷ ಕನಿಷ್ಠ 2 ಗಂಟೆ ಮಾಡಿ ಎಂದು ಜಿಡಿಸಿ ಹೇಳುವ ವಿಷಯ ಅದು.

ಅದಾಗಿ ಎರಡು ವಾರ ಆಗಿರಬಹುದು. ಹಲ್ಲು ಕೀಳಿಸಿಕೊಂಡ ಒಬ್ಬರು ಎದ್ದು ಕೂತವರೇ ಬೆವರಿ, ಕಣ್ಣು ತೇಲಿಸಿದರು. ಡಾಕ್ಟರ್ ಕುರ್ಚಿ ಮಲಗಿಸಿ, ಕಾಲು ಎತ್ತಿ ಹಿಡಿದು ‘ಆಕ್ಸಿಜನ್’ ಅಂದರು. ನಾನು ಫ್ಲೋ (ಆಕ್ಸಿಜನ್ ಹರಿವು) ನಿಮಿಷಕ್ಕೆ 15 ಲೀಟರ್‌ಗೆ ತಿರುಗಿಸಿ ಮಾಸ್ಕ್ ಹಿಡಿದೆ. ಮಾಸ್ಕಿನ ಚೀಲ ಉಬ್ಬಲೇ ಇಲ್ಲ. ಸೀನಿಯರ್ ನರ್ಸ್ ಓಡಿ ಬಂದು ಸಿಲಿಂಡರಿನ ವಾಲ್ವ್ ತೆರೆದರು. ನಾನು ಅದನ್ನು ತೆರೆದೇ ಇರಲಿಲ್ಲ! ಇದೇ ತಪ್ಪಿನ ಬಗ್ಗೆ 2018ರಲ್ಲೇ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಚ್ಚರಿಕೆ ಹೊರಡಿಸಿತ್ತು, ನನ್ನ ಪಿಡಿಎಫ್‌ನಲ್ಲಿ ಆ ಮಾತೇ ಇರಲಿಲ್ಲ. ರೋಗಿ ಬೇಗ ಚೇತರಿಸಿಕೊಂಡರು, ಸದ್ಯ. ನನಗೆ ಮಾತ್ರ ಸಂಜೆವರೆಗೂ ಕೈ ನಡುಕ ನಿಲ್ಲಲಿಲ್ಲ.

ಜುಲೈ 20ಕ್ಕೆ ಮ್ಯಾನೇಜರ್ ಸರ್ಟಿಫಿಕೇಟ್ ಕೇಳಿದರು. ನೋಡಿ, ‘ಇವು ಲೆಕ್ಕಕ್ಕೆ ಬರಲ್ಲ’ ಅಂದರು. ಅವುಗಳಲ್ಲಿ ಇದ್ದದ್ದು ನನ್ನ ಹೆಸರು, ವಿಷಯ, ಗಂಟೆ ಅಷ್ಟೇ. ಕಲಿಕೆಯ ಉದ್ದೇಶ, ಅದರಿಂದ ಏನು ಬರಬೇಕು, ಮುಗಿಸಿದ ತಾರೀಕು, ಗುಣಮಟ್ಟ ಪರಿಶೀಲಿಸಿದವರ ಹೆಸರು, ಮಾಹಿತಿ ಪೂರ್ತಿ ಸರಿಯಿದೆ ಎಂಬ ಖಾತ್ರಿ, ಇವೆಲ್ಲ ಇರಬೇಕಂತೆ. ಇನ್ನೊಂದು ಮಾತು ನನ್ನನ್ನು ಕುಗ್ಗಿಸಿತು. ಜಿಡಿಸಿ ಯಾವ ಸಿಪಿಡಿ ಕೋರ್ಸಿಗೂ ಅಂಗೀಕಾರ ಕೊಡುವುದೇ ಇಲ್ಲ. ಅಂದರೆ ಆ ಜಾಹೀರಾತಿನ ಮೊದಲ ಮಾತೇ ಸುಳ್ಳು, ಅಲ್ವಾ?

ಉಳಿದ 11 ದಿನದಲ್ಲಿ ರಜೆ ಹಾಕಿ, ಮಗುವನ್ನು ಗೆಳತಿಯ ಮನೆಯಲ್ಲಿ ಬಿಟ್ಟು, 10 ಗಂಟೆ ಮತ್ತೆ ಮಾಡಿದೆ. ಎಮರ್ಜೆನ್ಸಿ ತರಬೇತಿಗೆ ಈ ಸಲ ನೇರವಾಗಿ ಹೋದೆ, ಸಿಲಿಂಡರನ್ನು ಕೈಯಲ್ಲಿ ಹಿಡಿದು ಕಲಿತೆ. 29 ಪೌಂಡ್ ವಾಪಸ್ ಕೇಳಿ ಮೂರು ಮೇಲ್ ಹಾಕಿದೆ, ಉತ್ತರವಿಲ್ಲ.

ದುಡ್ಡು ಕಟ್ಟುವ ಮೊದಲು ಮಾದರಿ ಸರ್ಟಿಫಿಕೇಟ್ ಕೇಳಿ. ಕಳಿಸದಿದ್ದರೆ ಆ ಕೋರ್ಸ್ ಬಿಟ್ಟುಬಿಡಿ. ಇಂಥದ್ದನ್ನು ಈಗಾಗಲೇ ಕೊಂಡಿದ್ದರೆ ಸರ್ಟಿಫಿಕೇಟ್‌ಗಳನ್ನು ಇವತ್ತೇ ತೆಗೆದು ನೋಡಿ, ಜುಲೈವರೆಗೆ ಕಾಯಬೇಡಿ.